ಪುರಸಭೆಯಿಂದ ರಾಷ್ಟ್ರಪತಿ ಭವನದವರೆಗೆ: ದಿವಂಗತ ಬಿ. ಡಿ. ಜತ್ತಿಯವರ ಜೀವನ

ಲೋಕದಲ್ಲಿ ದೊಡ್ಡ ಪದವಿಗೇರಿದವರನ್ನು ಕಂಡು ಬೆರಗಾಗುವವರು ಬಹಳ. ಅವರು ಏರಿದ ಮೆಟ್ಟಿಲುಗಳನ್ನು ಎಣಿಸಿ ನೋಡುವವರು ವಿರಳ. ಕೆಲವರು ಮನೆತನದ ಬಲದಿಂದ ಏರುತ್ತಾರೆ, ಕೆಲವರು ಹಣದ ಬಲದಿಂದ ಏರುತ್ತಾರೆ, ಇನ್ನು ಕೆಲವರು ಒಂದೇ ನೆಗೆತಕ್ಕೆ ಮೇಲಿನ ಮೆಟ್ಟಿಲನ್ನು ಮುಟ್ಟಿ ಅಷ್ಟೇ ಬೇಗನೆ ಕೆಳಗುರುಳುತ್ತಾರೆ. ಆದರೆ ಹಳ್ಳಿಯ ಕಿರಾಣಿ ವ್ಯಾಪಾರಿಯ ಮನೆಯಲ್ಲಿ ಹುಟ್ಟಿ, ವಕೀಲಿ ಕಲಿತು, ಸಣ್ಣ ಪಟ್ಟಣವೊಂದರ ಪುರಸಭೆಯ ಅಧ್ಯಕ್ಷರಾಗಿ, ಅಲ್ಲಿಂದ ಒಂದೊಂದೇ ಮೆಟ್ಟಿಲನ್ನೇರುತ್ತ ದೆಹಲಿಯ ರಾಷ್ಟ್ರಪತಿ ಭವನದವರೆಗೆ ನಡೆದು, ರಾಷ್ಟ್ರಪತಿಯ ಕಾರ್ಯಭಾರವನ್ನು ಹೊತ್ತ ಕನ್ನಡಿಗರು ಒಬ್ಬರೇ. ಅವರೇ ದಿವಂಗತ ಬಸಪ್ಪ ದಾನಪ್ಪ ಜತ್ತಿಯವರು.

ಅವರ ಜೀವನವನ್ನು ಪದವಿಗಳ ಪಟ್ಟಿಯಾಗಿ ಬರೆದರೆ ಅರ್ಧ ಪುಟದಲ್ಲಿ ಮುಗಿದೀತು. ಆದರೆ ಆ ಪಟ್ಟಿಯ ಹಿಂದೆ ಒಂದು ಪ್ರಶ್ನೆ ನಿಂತಿದೆ. ಅಧಿಕಾರವು ಕೈಗೆ ಬಂದಾಗ ಅದನ್ನು ಸ್ವಂತದ ಆಸ್ತಿಯೆಂದು ತಿಳಿಯಬೇಕೋ, ಇಲ್ಲವೇ ಜನರು ನಂಬಿಕೆಯಿಂದ ಇಟ್ಟ ಠೇವಣಿಯೆಂದು ತಿಳಿಯಬೇಕೋ? ಠೇವಣಿಯೆಂದಾದರೆ ಅದನ್ನು ಕಾಯುವವನಿಗೆ ತನ್ನದೇ ಆದ ವಿವೇಚನೆ ಎಷ್ಟಿರಬೇಕು, ಕಾನೂನಿನ ಕಟ್ಟು ಎಷ್ಟಿರಬೇಕು? ಈ ಪ್ರಶ್ನೆಯು ಜತ್ತಿಯವರ ಬಾಳಿನಲ್ಲಿ ಮತ್ತೆ ಮತ್ತೆ ಎದುರಾಯಿತು. ಕೊನೆಗೆ 1977ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಇಡೀ ದೇಶವೇ ನೋಡುತ್ತಿರುವಾಗ ಅದು ಅವರ ಮೇಜಿನ ಮೇಲೆ ಬಂದು ಕುಳಿತಿತು.

ಜನನ ಮತ್ತು ವಿದ್ಯಾಭ್ಯಾಸ

ಜತ್ತಿಯವರು ಜನಿಸಿದುದು 1912ನೆಯ ಇಸವಿ ಸೆಪ್ಟೆಂಬರ್ 10ರಂದು, ಜಮಖಂಡಿಯ ಸಮೀಪದ ಸಾವಳಗಿ ಗ್ರಾಮದಲ್ಲಿ. ಜಮಖಂಡಿಯು ಆಗ ಪಟವರ್ಧನ ಮನೆತನದವರ ಆಳ್ವಿಕೆಯಲ್ಲಿದ್ದ ಚಿಕ್ಕ ಸಂಸ್ಥಾನ. ಅನಂತರ ಅದು ವಿಜಾಪುರ ಜಿಲ್ಲೆಗೆ ಸೇರಿ, 1997ರಿಂದ ಬಾಗಲಕೋಟೆ ಜಿಲ್ಲೆಯ ತಾಲೂಕಾಗಿದೆ. ತಂದೆ ದಾನಪ್ಪನವರು ಕಿರಾಣಿ ವ್ಯಾಪಾರಿಗಳು. ಹಳ್ಳಿಯ ಕಿರಾಣಿ ವ್ಯಾಪಾರವೆಂದರೆ ಎಂಥದೆಂಬುದನ್ನು ಈ ಭಾಗದ ವಾಚಕರಿಗೆ ವಿವರಿಸಬೇಕಾದ ಅವಶ್ಯಕತೆಯಿಲ್ಲ. ಮಳೆಯಾದರೆ ಉದ್ರಿ ವಸೂಲಾಗುತ್ತದೆ, ಮಳೆ ಹೋದರೆ ಖಾತೆ ಪುಸ್ತಕದಲ್ಲಿಯೇ ಉಳಿಯುತ್ತದೆ. ಒಕ್ಕಲಿಗನ ಕಷ್ಟವೂ ಅಂಗಡಿಯವನ ಕಷ್ಟವೂ ಒಂದೇ ಮೋಡವನ್ನು ನೋಡುತ್ತ ಕುಳಿತಿರುತ್ತವೆ. ಅಂಥ ಮನೆಯಲ್ಲಿ ಬೆಳೆದ ಬಾಲಕನಿಗೆ ಬಡತನದ ಅರಿವನ್ನು ಬೇರೆ ಯಾರೂ ಕಲಿಸಬೇಕಾಗಿರಲಿಲ್ಲ. ಅಂದಿನ ರೂಢಿಯಂತೆ ಬಾಲ್ಯದಲ್ಲಿಯೇ ಅವರ ವಿವಾಹವೂ ನೆರವೇರಿತು.

ಸಂಸಾರದ ಅಡಚಣೆಗಳ ನಡುವೆಯೂ ಅವರು ವಿದ್ಯೆಯನ್ನು ಬಿಡಲಿಲ್ಲ. ಉಚ್ಚ ಶಿಕ್ಷಣಕ್ಕಾಗಿ ಕೊಲ್ಲಾಪುರಕ್ಕೆ ತೆರಳಿ ರಾಜಾರಾಮ ಕಾಲೇಜಿನಲ್ಲಿ ಬಿ.ಎ. ಪದವಿಯನ್ನೂ, ಅಲ್ಲಿಯ ಸೈಕ್ಸ್ ಕಾನೂನು ಕಾಲೇಜಿನಲ್ಲಿ ಎಲ್‌ಎಲ್.ಬಿ. ಪದವಿಯನ್ನೂ ಸಂಪಾದಿಸಿದರು. ಶಾಹೂ ಮಹಾರಾಜರ ಕಾಲದಿಂದಲೂ ಕೊಲ್ಲಾಪುರವು ಎಲ್ಲ ಸಮಾಜಗಳ ಬಡ ವಿದ್ಯಾರ್ಥಿಗಳಿಗೆ ಆಶ್ರಯವಿತ್ತ ಊರು. ಕೃಷ್ಣೆಯ ಈಚೆಯ ಕನ್ನಡ ಹಳ್ಳಿಗಳ ಅನೇಕ ತರುಣರು ಅಲ್ಲಿ ಓದಿ ಮುಂದೆ ಬಂದರು. ಜತ್ತಿಯವರೂ ಅವರಲ್ಲೊಬ್ಬರು.

ವಕೀಲಿ ವೃತ್ತಿ ಮತ್ತು ಪುರಸಭೆಯ ಅಧ್ಯಕ್ಷತೆ

ಕಾನೂನು ಪದವಿಯನ್ನು ಪಡೆದು ಅವರು ಜಮಖಂಡಿಗೆ ಮರಳಿ ವಕೀಲಿ ವೃತ್ತಿಯನ್ನು ಕೈಕೊಂಡರು. ಸಂಸ್ಥಾನದ ಸಣ್ಣ ಪಟ್ಟಣದ ವಕೀಲನ ಮುಂದೆ ಬರುವ ಕಜ್ಜೆಗಳು ಬಹುಮಟ್ಟಿಗೆ ಬದುವಿನ ತಂಟೆ, ಪಾಲಿನ ವ್ಯಾಜ್ಯ, ಸಾಲದ ಕಾಗದ, ಗೇಣಿಯ ಜಗಳ. ಇವುಗಳಲ್ಲಿ ಗೆದ್ದರೂ ಸೋತರೂ ಕಕ್ಷಿದಾರನ ಮನೆಯ ಒಳಗುಟ್ಟು ವಕೀಲನಿಗೆ ತಿಳಿಯುತ್ತದೆ. ಕಾಗದದ ಮೇಲೆ ಬರೆದ ಒಂದು ಸಾಲು ಒಂದು ಸಂಸಾರವನ್ನು ಉಳಿಸಲೂಬಹುದು, ಬೀದಿಗೆ ಹಾಕಲೂಬಹುದು. ಮುಂದೆ ಭೂಸುಧಾರಣೆಯ ಸಮಿತಿಯ ಅಧ್ಯಕ್ಷರಾದಾಗ ಈ ವೃತ್ತಿಯ ತಿಳಿವಳಿಕೆ ಅವರ ನೆರವಿಗೆ ಬಂದಿತೆಂಬುದರಲ್ಲಿ ಸಂದೇಹವಿಲ್ಲ.

1940ರಲ್ಲಿ ಅವರು ಜಮಖಂಡಿ ಪುರಸಭೆಯ ಸದಸ್ಯರಾದರು. ಅದೇ ಅವರ ಸಾರ್ವಜನಿಕ ಜೀವನದ ಮೊದಲ ಮೆಟ್ಟಿಲು. ಐದು ವರ್ಷಗಳ ತರುವಾಯ, 1945ರಲ್ಲಿ, ಅದೇ ಪುರಸಭೆಯ ಅಧ್ಯಕ್ಷರಾದರು. ಆಗ ಅವರಿಗೆ ಮೂವತ್ತಮೂರರ ಪ್ರಾಯ.

ಪುರಸಭೆಯ ಅಧ್ಯಕ್ಷಗಿರಿಯನ್ನು ಹಗುರಾಗಿ ನೋಡುವವರು ಉಂಟು. ಆದರೆ ಅಧಿಕಾರದ ಪಾಠಶಾಲೆಗಳಲ್ಲಿ ಅದರಷ್ಟು ಕಠಿಣವಾದುದು ಇನ್ನೊಂದಿಲ್ಲ. ಮಂತ್ರಿಯಾದವನನ್ನು ಕಾಣಲು ಜನರು ಚೀಟಿ ಕಳಿಸಿ ಕಾಯಬೇಕು. ಪುರಸಭೆಯ ಅಧ್ಯಕ್ಷನನ್ನು ಸಂತೆಯಲ್ಲಿಯೇ ಹಿಡಿದು ನಿಲ್ಲಿಸಬಹುದು. ಬೀದಿಯ ದೀಪ, ಕುಡಿಯುವ ನೀರು, ಗಟಾರು, ಕಸ, ಸಂತೆಯ ಕಟ್ಟೆ, ಮನೆಪಟ್ಟಿ ಇವೆಲ್ಲ ನಿತ್ಯದ ವಿಷಯಗಳು. ಪಟ್ಟಿ ಹೆಚ್ಚಿಸಿದರೆ ಬೈಯುವವರೂ, ದೀಪ ಹತ್ತದಿದ್ದರೆ ಬೈಯುವವರೂ ಅವರೇ ಜನ. ಬೊಕ್ಕಸದಲ್ಲಿ ಇರುವಷ್ಟರಲ್ಲಿಯೇ ಎಲ್ಲ ಓಣಿಗಳಿಗೂ ನ್ಯಾಯ ಸಲ್ಲಿಸಬೇಕು. ಅಲ್ಲದೆ ಸಂಸ್ಥಾನದ ಪುರಸಭೆಯಾದುದರಿಂದ ಮೇಲೆ ರಾಜರ ಸರಕಾರ, ಕೆಳಗೆ ಜನತೆ. ಎರಡರ ನಡುವೆ ಸಮತೂಕದಿಂದ ನಡೆಯಬೇಕು. ಮೇಲಿನವರ ಆಜ್ಞೆಯನ್ನು ಮೀರದೆ, ಕೆಳಗಿನವರ ಅಳಲನ್ನು ಮರೆಯದೆ ನಡೆಯುವ ಈ ಅಭ್ಯಾಸವೇ ಅವರ ಮುಂದಿನ ರಾಜಕೀಯ ಜೀವನದ ಗುಣವೂ ಆಯಿತು, ಕೆಲವರ ಕಣ್ಣಿಗೆ ದೋಷವೂ ಆಯಿತು.

ದಿವಾನಗಿರಿ ಮತ್ತು ವಿಲೀನ

ಪುರಸಭೆಯಿಂದ ಅವರು ಜಮಖಂಡಿ ಸಂಸ್ಥಾನದ ಶಾಸನಸಭೆಗೆ ಚುನಾಯಿತರಾಗಿ, ಸಂಸ್ಥಾನದ ಮಂತ್ರಿಮಂಡಲದಲ್ಲಿ ಮಂತ್ರಿಗಳಾದರು. 1948ರಲ್ಲಿ ಸಂಸ್ಥಾನದ ದಿವಾನರಾದರು. ಸ್ವಾತಂತ್ರ್ಯ ಬಂದು ಕೆಲವೇ ತಿಂಗಳುಗಳಾಗಿದ್ದ ಆ ಕಾಲದಲ್ಲಿ ದೇಶದ ನೂರಾರು ಸಂಸ್ಥಾನಗಳ ಮುಂದೆ ಒಂದೇ ಪ್ರಶ್ನೆಯಿತ್ತು: ತಮ್ಮ ಪ್ರತ್ಯೇಕ ಅಸ್ತಿತ್ವವನ್ನು ಬಿಟ್ಟುಕೊಡಬೇಕೋ ಬೇಡವೋ? ಜಮಖಂಡಿಯ ಅರಸರಾದ ಶಂಕರರಾವ ಪಟವರ್ಧನರು ವಿಲೀನಕ್ಕೆ ಸಮ್ಮತಿಸಿದರು. ಜತ್ತಿಯವರು ದಿವಾನರಾಗಿರುವಾಗಲೇ, 1948ನೆಯ ಮಾರ್ಚ್ 8ರಂದು, ಜಮಖಂಡಿಯು ಮುಂಬಯಿ ಪ್ರಾಂತದಲ್ಲಿ ಶಾಂತವಾಗಿ ಸೇರಿಹೋಯಿತು.

ಅದೇ ಮಾರ್ಚ್ ತಿಂಗಳಲ್ಲಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳ ಜನತೆ ನಿಜಾಮನ ಆಳ್ವಿಕೆಯಲ್ಲಿ ರಜಾಕಾರರ ಭಯದಿಂದ ದಿನಗಳನ್ನು ಎಣಿಸುತ್ತಿತ್ತು. ಈ ಭಾಗಕ್ಕೆ ಬಿಡುಗಡೆ ದೊರೆತುದು ಆ ವರ್ಷದ ಸೆಪ್ಟೆಂಬರ್ 17ರಂದು, ಸೈನ್ಯದ ಕಾರ್ಯಾಚರಣೆಯ ತರುವಾಯ. ಒಂದೇ ಕನ್ನಡ ನಾಡಿನ ಎರಡು ಮೂಲೆಗಳಲ್ಲಿ ಒಂದು ರಾಜಾಧಿಕಾರವು ಸಹಿಯೊಂದರಿಂದ ಕೊನೆಗೊಂಡರೆ, ಇನ್ನೊಂದು ರಕ್ತಪಾತದ ಬಳಿಕ ಕೊನೆಗೊಂಡಿತು. ಅಧಿಕಾರವನ್ನು ಕೊಟ್ಟುಬಿಡುವ ಕಲೆಗೆ ಎಷ್ಟು ಬೆಲೆಯಿದೆಯೆಂಬುದನ್ನು ತಿಳಿಯಲು ಈ ಹೋಲಿಕೆಯೊಂದೇ ಸಾಕು.

ವಿಲೀನದೊಡನೆ ದಿವಾನಗಿರಿಯೂ ಮುಗಿಯಿತು. ಜತ್ತಿಯವರು ಸುಮ್ಮನೆ ತಮ್ಮ ವಕೀಲಿಗೆ ಮರಳಿದರು. ದಿವಾನರಾಗಿದ್ದವರು ಮತ್ತೆ ಕಕ್ಷಿದಾರರ ಕಾಗದಗಳನ್ನು ಹಿಡಿದು ಕೋರ್ಟಿಗೆ ನಡೆಯುವುದೆಂದರೆ ಅನೇಕರಿಗೆ ಅಭಿಮಾನಭಂಗವೆನಿಸೀತು. ಅವರು ಸುಮಾರು ಇಪ್ಪತ್ತು ತಿಂಗಳು ಹಾಗೆಯೇ ನಡೆದರು.

ಮುಂಬಯಿ ಸರಕಾರದಲ್ಲಿ

ವಿಲೀನವಾದ ಪ್ರದೇಶದ ಪ್ರತಿನಿಧಿಯಾಗಿ ಅವರನ್ನು ಮುಂಬಯಿ ಶಾಸನಸಭೆಗೆ ನಾಮಕರಣ ಮಾಡಲಾಯಿತು. ಅದಾದ ಒಂದು ವಾರದಲ್ಲಿಯೇ ಮುಖ್ಯಮಂತ್ರಿ ಬಿ. ಜಿ. ಖೇರರ ಸಂಸದೀಯ ಕಾರ್ಯದರ್ಶಿಯಾಗಿ ನೇಮಕಗೊಂಡರು. 1952ರ ಸಾರ್ವತ್ರಿಕ ಚುನಾವಣೆಗಳ ಅನಂತರ ಮೊರಾರ್ಜಿ ದೇಸಾಯಿಯವರು ಮುಂಬಯಿಯ ಮುಖ್ಯಮಂತ್ರಿಗಳಾದರು. ಆ ಸರಕಾರದಲ್ಲಿ ಜತ್ತಿಯವರು ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಗಳಾಗಿ ರಾಜ್ಯ ಪುನರ್ವಿಂಗಡನೆಯವರೆಗೆ ಸೇವೆ ಸಲ್ಲಿಸಿದರು. ಅಂದು ಮುಖ್ಯಮಂತ್ರಿಯಾಗಿದ್ದ ಮೊರಾರ್ಜಿಯವರಿಗೆ ಇಪ್ಪತ್ತೈದು ವರ್ಷಗಳ ತರುವಾಯ ಪ್ರಧಾನಮಂತ್ರಿಯ ಪ್ರಮಾಣವಚನವನ್ನು ತಾವೇ ಬೋಧಿಸಬೇಕಾಗುವುದೆಂದು ಆ ಉಪಮಂತ್ರಿಗಳು ಕನಸಿನಲ್ಲಿಯೂ ನೆನೆಸಿರಲಾರರು.

ಭೂಮಿಯ ಪ್ರಶ್ನೆ

1956ನೆಯ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಮುಂಬಯಿಯಿಂದ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳೂ, ಹೈದರಾಬಾದಿನಿಂದ ರಾಯಚೂರು, ಗುಲಬರ್ಗಾ, ಬೀದರ ಜಿಲ್ಲೆಗಳೂ, ಮದರಾಸಿನಿಂದ ದಕ್ಷಿಣ ಕನ್ನಡವೂ, ಅದರೊಡನೆ ಕೊಡಗೂ ಬಂದು ಮೈಸೂರಿನೊಡನೆ ಕೂಡಿದವು. ನಾಡು ಒಂದಾದರೂ ಕಾನೂನು ಒಂದಾಗಿರಲಿಲ್ಲ. ಮುಂಬಯಿಯಿಂದ ಬಂದ ಭಾಗದಲ್ಲಿ 1948ರ ಗೇಣಿ ಕಾಯಿದೆ, ಹೈದರಾಬಾದಿನಿಂದ ಬಂದ ನಮ್ಮ ಭಾಗದಲ್ಲಿ 1950ರ ಗೇಣಿ ಕಾಯಿದೆ, ಹಳೆಯ ಮೈಸೂರಿನಲ್ಲಿ ಇನ್ನೊಂದು. ಕುಷ್ಟಗಿ ತಾಲೂಕಿನ ಒಕ್ಕಲಿಗನು ರಕ್ಷಿತ ಗೇಣಿದಾರನೆನಿಸಿದರೆ, ಗಡಿಯಾಚೆ ಹುನಗುಂದ ತಾಲೂಕಿನಲ್ಲಿ ಅಂಥದೇ ಹೊಲ ಮಾಡುತ್ತಿದ್ದವನಿಗೆ ಬೇರೆಯೇ ಹಕ್ಕುಗಳು. ಗೇಣಿ, ಲಾವಣಿ, ಕೋರು ಎಂದು ಹೆಸರುಗಳೂ ಬೇರೆ, ರೂಢಿಗಳೂ ಬೇರೆ.

ಇವೆಲ್ಲವನ್ನೂ ಪರಿಶೀಲಿಸಿ ಇಡೀ ರಾಜ್ಯಕ್ಕೆ ಒಪ್ಪುವ ಒಂದೇ ಕಾನೂನನ್ನು ಸೂಚಿಸುವುದಕ್ಕಾಗಿ 1957ರಲ್ಲಿ ಸರಕಾರವು ಒಂದು ಸಮಿತಿಯನ್ನು ರಚಿಸಿ ಜತ್ತಿಯವರನ್ನು ಅದರ ಅಧ್ಯಕ್ಷರನ್ನಾಗಿ ಮಾಡಿತು. ಜತ್ತಿ ಸಮಿತಿಯೆಂದೇ ಅದು ಪ್ರಸಿದ್ಧವಾಯಿತು. ಆ ಸಮಿತಿಯ ವರದಿಯ ಆಧಾರದ ಮೇಲೆ ಸಿದ್ಧವಾದ ಮಸೂದೆಯೇ ಮೈಸೂರು ಭೂಸುಧಾರಣಾ ಕಾಯಿದೆಯಾಗಿ 1961ರಲ್ಲಿ, ಅವರು ಮುಖ್ಯಮಂತ್ರಿಗಳಾಗಿರುವಾಗಲೇ, ಅಂಗೀಕಾರವನ್ನು ಪಡೆಯಿತು. ಗೇಣಿಯನ್ನು ಉತ್ಪನ್ನದ ಒಂದು ಗೊತ್ತಾದ ಪಾಲಿಗೆ ಮಿತಿಗೊಳಿಸುವುದು, ಗೇಣಿದಾರನನ್ನು ಮನಬಂದಂತೆ ಎಬ್ಬಿಸದಂತೆ ರಕ್ಷಿಸುವುದು, ಒಂದು ಕುಟುಂಬದ ಹಿಡುವಳಿಗೆ 27 ಸ್ಟ್ಯಾಂಡರ್ಡ್ ಎಕರೆಗಳ ಮಿತಿಯನ್ನು ಹಾಕುವುದು ಇವು ಅದರ ಮುಖ್ಯ ಅಂಶಗಳು.

ಈ ಕಾಯಿದೆಯ ಗುಣದೋಷಗಳೆರಡನ್ನೂ ಹೇಳುವುದೇ ನ್ಯಾಯ. ಜಮೀನುದಾರನು ಸ್ವಂತ ಸಾಗುವಳಿಗೆಂದು ಭೂಮಿಯ ಒಂದಂಶವನ್ನು ಹಿಂದಕ್ಕೆ ಪಡೆಯಲು ಅದರಲ್ಲಿ ಅವಕಾಶವಿತ್ತು. ಮೇಲಾಗಿ 1961ರಲ್ಲಿ ಅಂಗೀಕೃತವಾದ ಕಾಯಿದೆ ಜಾರಿಗೆ ಬಂದುದು 1965ನೆಯ ಅಕ್ಟೋಬರ್ 2ರಂದು. ಬರಲಿರುವ ಕಾನೂನಿನ ಸುದ್ದಿ ಮೊದಲೇ ತಿಳಿದವರಿಗೆ ನಾಲ್ಕು ವರ್ಷಗಳು ಬಹು ದೊಡ್ಡ ಅವಧಿ. ಆ ಅವಧಿಯಲ್ಲಿ ಭೂಮಿಯನ್ನು ಮಕ್ಕಳು ಮೊಮ್ಮಕ್ಕಳ ಹೆಸರಿಗೆ ಹಂಚಿಕೊಂಡವರೂ, ಗೇಣಿದಾರನನ್ನು ಮಾತಿನಿಂದಲೋ ಬೆದರಿಕೆಯಿಂದಲೋ ಬಿಡಿಸಿದವರೂ ಇದ್ದರು. ಗೇಣಿ ಪದ್ಧತಿಯನ್ನೇ ಬೇರುಸಹಿತ ಕಿತ್ತುಹಾಕಿದುದು ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ. ಅದು 1974ನೆಯ ಮಾರ್ಚ್ 1ರಿಂದ ಜಾರಿಗೆ ಬಂದಿತು. ಉಳುವವನನ್ನು ಒಡೆಯನನ್ನಾಗಿ ಮಾಡಿದ ಕೀರ್ತಿ ಅರಸರಿಗೆ ಸಲ್ಲುವುದು ಯುಕ್ತವೇ. ಆದರೆ ಅರಸರು ತಿದ್ದಿದುದು ಅದೇ 1961ರ ಕಾಯಿದೆಯನ್ನೇ ಎಂಬುದನ್ನು ಮರೆಯಲಾಗದು. ಐದು ಕಡೆಯ ಐದು ರೂಢಿಗಳನ್ನು ಒಂದೇ ಪುಸ್ತಕದಲ್ಲಿ ಕಟ್ಟಿಟ್ಟವರು ಜತ್ತಿಯವರು. ಅಡಿಪಾಯ ಹಾಕಿದವನ ಹೆಸರು ಮಹಡಿಯ ಮೇಲೆ ನಿಂತವರಿಗೆ ಕಾಣುವುದಿಲ್ಲ.

ಮುಖ್ಯಮಂತ್ರಿಯಾಗಿ ನಾಲ್ಕು ವರ್ಷ

1958ರಲ್ಲಿ ಕಾಂಗ್ರೆಸ್ ಪಕ್ಷದೊಳಗಿನ ಭಿನ್ನಾಭಿಪ್ರಾಯಗಳಿಂದ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿ ಸ್ಥಾನವನ್ನು ಬಿಡಬೇಕಾಯಿತು. ಪಕ್ಷದ ಶಾಸಕರು ಬಳ್ಳಾರಿಯ ಸ್ವಾತಂತ್ರ್ಯಯೋಧ ಟಿ. ಸುಬ್ರಹ್ಮಣ್ಯಂ ಅವರನ್ನು ಬಿಟ್ಟು ಜತ್ತಿಯವರನ್ನು ನಾಯಕರನ್ನಾಗಿ ಆರಿಸಿದರು. 1958ನೆಯ ಮೇ 16ರಂದು ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು; 1962ರ ಮಾರ್ಚ್‌ವರೆಗೆ ಆ ಸ್ಥಾನದಲ್ಲಿದ್ದರು. ಹೊಸದಾಗಿ ಕೂಡಿದ ನಾಡಿನಲ್ಲಿ ಹಳೆಯ ಮೈಸೂರಿನವರೆಂದೂ ಹೊಸದಾಗಿ ಬಂದವರೆಂದೂ ಎರಡು ಮನಸ್ಸುಗಳಿದ್ದ ಕಾಲವದು. ಐದು ಕಡೆಯ ನೌಕರರು, ಐದು ಬಗೆಯ ದಫ್ತರಗಳು, ಐದು ಬಗೆಯ ನಿಯಮಗಳು ಒಂದೇ ಕಚೇರಿಯಲ್ಲಿ ಕೂಡಬೇಕಾಗಿದ್ದವು. ಗಲಾಟೆಯಿಲ್ಲದೆ, ಭಾಷಣದ ಅಬ್ಬರವಿಲ್ಲದೆ ನಡೆಯಬೇಕಾದ ಈ ಕೆಲಸಕ್ಕೆ ಜತ್ತಿಯವರ ಸಮಾಧಾನದ ಸ್ವಭಾವವು ಒಪ್ಪುವಂತಿತ್ತು.

ಅವರ ಕಾಲದ ಮೂರು ಕಾರ್ಯಗಳನ್ನು ವಿಶೇಷವಾಗಿ ನೆನೆಯಬೇಕು. ಮೊದಲನೆಯದು, 1959ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ. ಗ್ರಾಮಕ್ಕೆ ಪಂಚಾಯತಿ, ತಾಲೂಕಿಗೆ ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಅಭಿವೃದ್ಧಿ ಪರಿಷತ್ತು ಎಂಬ ವ್ಯವಸ್ಥೆ ಇಡೀ ರಾಜ್ಯಕ್ಕೆ ಒಂದೇ ರೀತಿಯಾಗಿ ಬಂದುದು ಈ ಕಾಯಿದೆಯಿಂದ. ಪುರಸಭೆಯ ಮೆಟ್ಟಿಲನ್ನು ಏರಿ ಬಂದವರ ಸರಕಾರವೇ ಹಳ್ಳಿಯ ಜನರಿಗೂ ಅಂಥ ಒಂದು ಮೆಟ್ಟಿಲನ್ನು ಕಟ್ಟಿಕೊಟ್ಟಿತು. 1980ರ ದಶಕದಲ್ಲಿ ಜಿಲ್ಲಾ ಪರಿಷತ್ತುಗಳು ಬರುವವರೆಗೂ ಈ ಭಾಗದ ಅನೇಕ ಮುಖಂಡರು ಸಾರ್ವಜನಿಕ ಜೀವನಕ್ಕೆ ಕಾಲಿಟ್ಟುದು ತಾಲೂಕು ಮಂಡಳಿಗಳ ಮೂಲಕವೇ.

ಎರಡನೆಯದು, 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ. ಮಗುವನ್ನು ಶಾಲೆಗೆ ಕಳಿಸುವುದು ತಂದೆತಾಯಿಗಳ ಇಚ್ಛೆಗೆ ಬಿಟ್ಟ ಮಾತಲ್ಲ, ಅವರ ಕರ್ತವ್ಯವೆಂದು ಕಾನೂನು ಸಾರಿತು. ನಿಜಾಮನ ಆಳ್ವಿಕೆಯಲ್ಲಿ ತಾಯ್ನುಡಿಯ ಶಾಲೆಗಳೇ ವಿರಳವಾಗಿದ್ದ ರಾಯಚೂರು ಜಿಲ್ಲೆಯಂಥ ಪ್ರದೇಶಗಳಿಗೆ ಇದರ ಅವಶ್ಯಕತೆ ಎಲ್ಲಕ್ಕಿಂತ ಹೆಚ್ಚಾಗಿತ್ತು.

ಮೂರನೆಯದು, 1960ರಲ್ಲಿ ಡಾ. ಆರ್. ನಾಗನಗೌಡರ ಅಧ್ಯಕ್ಷತೆಯಲ್ಲಿ ನೇಮಿಸಿದ ಹಿಂದುಳಿದ ವರ್ಗಗಳ ಸಮಿತಿ. ಅದರ ವರದಿಯು 1961ರಲ್ಲಿ ಬಂದಿತು. ಅದರ ಹಿನ್ನೆಲೆಯಲ್ಲಿ ಸರಕಾರ ಹೊರಡಿಸಿದ ಮೀಸಲಾತಿಯ ಆಜ್ಞೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1962ರ ಬಾಲಾಜಿ ಪ್ರಕರಣವೆಂದು ದೇಶದ ಕಾನೂನು ಪುಸ್ತಕಗಳಲ್ಲಿ ಸ್ಥಾನ ಪಡೆಯಿತು. ಆ ಆಜ್ಞೆಯನ್ನು ನ್ಯಾಯಾಲಯವು ರದ್ದುಗೊಳಿಸಿತಾದರೂ ಮೀಸಲಾತಿಯ ಚರ್ಚೆಗೆ ಅದು ತಳಹದಿಯಾಯಿತು.

1962ರ ಚುನಾವಣೆಯಲ್ಲಿ ಜತ್ತಿಯವರು ಜಮಖಂಡಿಯಿಂದ ಮತ್ತೆ ಆರಿಸಿಬಂದರು. ಆದರೆ ಮುಖ್ಯಮಂತ್ರಿ ಪದವಿಯು ಮೊದಲು ಎಸ್. ಆರ್. ಕಂಠಿಯವರಿಗೂ, ಜೂನ್ ತಿಂಗಳಲ್ಲಿ ನಿಜಲಿಂಗಪ್ಪನವರಿಗೂ ಹೋಯಿತು. ಮುಖ್ಯಮಂತ್ರಿಯಾಗಿದ್ದವರು ಇನ್ನೊಬ್ಬರ ಕೈಕೆಳಗೆ ಮಂತ್ರಿಯಾಗುವುದು ಸುಲಭದ ಮಾತಲ್ಲ. ಅವರು ಆ ವರ್ಷದ ಜುಲೈಯಲ್ಲಿ ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಹಣಕಾಸು ಮಂತ್ರಿಗಳಾದರು. ಮುಂದೆ ಆಹಾರ ಖಾತೆಯನ್ನೂ ನೋಡಿಕೊಂಡರು. ದಿವಾನಗಿರಿಯಿಂದ ವಕೀಲಿಗೆ ಇಳಿದಂತೆಯೇ ಇಲ್ಲಿಯೂ ಒಂದು ಮೆಟ್ಟಿಲು ಕೆಳಗಿಳಿದು ಕೆಲಸ ಮಾಡಿದರು.

ರಾಜಭವನಗಳಲ್ಲಿ

1968ನೆಯ ಅಕ್ಟೋಬರಿನಲ್ಲಿ ಅವರು ಪಾಂಡಿಚೇರಿಯ ಉಪರಾಜ್ಯಪಾಲರಾಗಿಯೂ, 1972ನೆಯ ನವೆಂಬರಿನಲ್ಲಿ ಒರಿಸ್ಸಾದ ರಾಜ್ಯಪಾಲರಾಗಿಯೂ ನೇಮಕಗೊಂಡರು. ಒರಿಸ್ಸಾದಲ್ಲಿ ಅವರು ಒಂದು ಕಠಿಣ ಪರೀಕ್ಷೆಗೆ ಒಳಗಾದರು. 1973ರ ಮಾರ್ಚ್ ಮೊದಲಿಗೆ ಪಕ್ಷಾಂತರಗಳಿಂದಾಗಿ ನಂದಿನಿ ಸತ್ಪತಿಯವರ ಮಂತ್ರಿಮಂಡಲವು ರಾಜೀನಾಮೆಯಿತ್ತಿತು. ವಿರೋಧ ಪಕ್ಷಗಳ ನಾಯಕ ಬಿಜು ಪಟ್ನಾಯಕರು ತಮಗೆ ಬಹುಮತವಿದೆಯೆಂದು ಹೇಳಿಕೊಂಡರು. ಆದರೂ ಅವರಿಗೆ ಸರಕಾರ ರಚಿಸುವ ಅವಕಾಶ ದೊರೆಯಲಿಲ್ಲ. ರಾಜ್ಯಪಾಲರ ಶಿಫಾರಸಿನ ಮೇರೆಗೆ ಶಾಸನಸಭೆ ವಿಸರ್ಜಿತವಾಗಿ ರಾಷ್ಟ್ರಪತಿ ಆಳ್ವಿಕೆ ಬಂದಿತು. ವಿಷಯವು ಒರಿಸ್ಸಾದ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಪಕ್ಷಾಂತರದ ವ್ಯಾಪಾರಕ್ಕೆ ಕಡಿವಾಣ ಹಾಕಿದರೆಂದು ಕೆಲವರು ಹೇಳಿದರು. ದೆಹಲಿಯ ಮನಸ್ಸನ್ನು ಅರಿತು ನಡೆದರೆಂದು ಇನ್ನು ಕೆಲವರು ಆಕ್ಷೇಪಿಸಿದರು. ಜತ್ತಿಯವರ ಜೀವನದ ಲೆಕ್ಕದಲ್ಲಿ ಈ ಪುಟವನ್ನು ಮುಚ್ಚಿಡುವುದು ಸರಿಯಲ್ಲ. ಏಕೆಂದರೆ ನಾಲ್ಕು ವರ್ಷಗಳ ತರುವಾಯ ಇಂಥದೇ ಪ್ರಶ್ನೆಯು ಒಂಬತ್ತು ಪಟ್ಟು ದೊಡ್ಡದಾಗಿ ಅವರೆದುರಿಗೆ ಬಂದಿತು.

ಉಪರಾಷ್ಟ್ರಪತಿ ಸ್ಥಾನ

1974ರ ಆಗಸ್ಟಿನಲ್ಲಿ ಅವರು ಭಾರತದ ಉಪರಾಷ್ಟ್ರಪತಿಯಾಗಿ ಆಯ್ಕೆಯಾದರು. ಪ್ರತಿಸ್ಪರ್ಧಿಯಾಗಿದ್ದ ಎನ್. ಇ. ಹೋರೋ ಅವರಿಗೆ 141 ಮತಗಳು, ಜತ್ತಿಯವರಿಗೆ 521 ಮತಗಳು ಬಂದವು. ಸಾವಳಗಿಯ ಕಿರಾಣಿ ವ್ಯಾಪಾರಿಯ ಮಗ ರಾಜ್ಯಸಭೆಯ ಸಭಾಪತಿಯ ಪೀಠದಲ್ಲಿ ಕುಳಿತರು. ಆದರೆ ಆ ಪೀಠದ ಸುತ್ತಲಿನ ಕಾಲವು ಸುಖದ್ದಾಗಿರಲಿಲ್ಲ. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ವಿರೋಧ ಪಕ್ಷಗಳ ನಾಯಕರು ಸೆರೆಮನೆಗೆ ಹೋದರು. 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿಯು ಸಂಸತ್ತಿನಲ್ಲಿ ಅಂಗೀಕಾರವಾಯಿತು. ರಾಷ್ಟ್ರಪತಿಯು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯತಕ್ಕದ್ದೆಂದು ಆ ತಿದ್ದುಪಡಿಯು ಸ್ಪಷ್ಟ ಶಬ್ದಗಳಲ್ಲಿ ಬರೆಯಿತು. ರಾಜ್ಯಸಭೆಯು ಅದನ್ನು ಅಂಗೀಕರಿಸಿದಾಗ ಸಭಾಪತಿಯಾಗಿದ್ದವರು ಜತ್ತಿಯವರೇ. ಆ ವಾಕ್ಯದ ಭಾರವನ್ನು ಮೊದಲು ಹೊರಬೇಕಾದವರೂ ತಾವೇ ಆಗುವೆವೆಂದು ಅವರಿಗೆ ತಿಳಿದಿರಲಾರದು.

1977ರ ಆ ದಿನಗಳು

1977ನೆಯ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು ಅಕಸ್ಮಾತ್ತಾಗಿ ನಿಧನ ಹೊಂದಿದರು. ಸಂವಿಧಾನದಂತೆ ಉಪರಾಷ್ಟ್ರಪತಿ ಜತ್ತಿಯವರು ಅಂದೇ ರಾಷ್ಟ್ರಪತಿಯ ಕಾರ್ಯಭಾರವನ್ನು ವಹಿಸಿಕೊಂಡರು. ಲೋಕಸಭೆಗೆ ಚುನಾವಣೆ ಸಾರಿಯಾಗಿತ್ತು. ಮಾರ್ಚ್ ತಿಂಗಳ ಮತದಾನದಲ್ಲಿ ಕಾಂಗ್ರೆಸ್ ಪಕ್ಷವು ಸೋತಿತು. ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ತಾವೇ ಸೋತರು. ಮಾರ್ಚ್ 21ರಂದು ಆಂತರಿಕ ತುರ್ತುಪರಿಸ್ಥಿತಿಯನ್ನು ತೆಗೆದುಹಾಕುವ ಕಾಗದಕ್ಕೆ ಜತ್ತಿಯವರ ಸಹಿ ಬಿದ್ದಿತು. ಮಾರ್ಚ್ 24ರಂದು ಅವರು ಮೊರಾರ್ಜಿ ದೇಸಾಯಿಯವರಿಗೆ ಪ್ರಧಾನಮಂತ್ರಿಯ ಪ್ರಮಾಣವಚನವನ್ನು ಬೋಧಿಸಿದರು. ಮೂವತ್ತು ವರ್ಷ ಕೇಂದ್ರವನ್ನು ಆಳಿದ ಪಕ್ಷದಿಂದ ಬೇರೆಯವರ ಕೈಗೆ ಅಧಿಕಾರವು ಮೊದಲ ಬಾರಿಗೆ ಹೋದಾಗ ಒಂದು ಕಲ್ಲು ಕೂಡ ಬೀಳಲಿಲ್ಲ. ಆ ಘಳಿಗೆಯಲ್ಲಿ ನಡುವೆ ನಿಂತು ಅಧಿಕಾರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದವರು ಜಮಖಂಡಿಯ ಹಳೆಯ ಪುರಸಭಾಧ್ಯಕ್ಷರು.

ಒಂದು ದಿನದ ವಿಳಂಬ

ಆದರೆ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಒಂಬತ್ತು ರಾಜ್ಯಗಳಲ್ಲಿ ಲೋಕಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ನೆಲಕಚ್ಚಿದ್ದರೂ ಶಾಸನಸಭೆಗಳಲ್ಲಿ ಅದರದೇ ಬಹುಮತವಿತ್ತು. ಜನರ ವಿಶ್ವಾಸವನ್ನು ಅವು ಕಳೆದುಕೊಂಡಿವೆ, ಆದುದರಿಂದ ಅವುಗಳನ್ನು ವಿಸರ್ಜಿಸಿ ಹೊಸ ಚುನಾವಣೆ ನಡೆಸಬೇಕೆಂದು ಜನತಾ ಸರಕಾರವು ನಿರ್ಧರಿಸಿತು. ಗೃಹಮಂತ್ರಿ ಚರಣಸಿಂಗ್ ಅವರು ಆ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ರಾಜಸ್ಥಾನ ಮೊದಲಾದ ರಾಜ್ಯಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. ಏಪ್ರಿಲ್ 29ರಂದು ನ್ಯಾಯಾಲಯವು ಅವುಗಳ ದಾವೆಯನ್ನು ತಳ್ಳಿಹಾಕಿತು. ಕೂಡಲೇ ಮಂತ್ರಿಮಂಡಲವು ವಿಸರ್ಜನೆಯ ಘೋಷಣೆಗಳನ್ನು ಸಹಿಗಾಗಿ ರಾಷ್ಟ್ರಪತಿ ಭವನಕ್ಕೆ ಕಳಿಸಿತು.

ಜತ್ತಿಯವರು ಅಂದು ಸಹಿ ಮಾಡಲಿಲ್ಲ. ವಿಚಾರ ಮಾಡಲು ಕಾಲಾವಕಾಶ ಬೇಕೆಂದರು. ದೇಶದಲ್ಲಿ ಕೋಲಾಹಲವೆದ್ದಿತು. ಅವರು ಹಳೆಯ ಪಕ್ಷದ ಋಣ ತೀರಿಸುತ್ತಿದ್ದಾರೆಂದು ಜನತಾ ಪಕ್ಷದವರು ಆರೋಪಿಸಿದರು. ಜನರು ಐದಾರು ವರ್ಷಗಳಿಗೆಂದು ಆರಿಸಿ ಕಳಿಸಿದ ಶಾಸನಸಭೆಗಳನ್ನು ಬೇರೊಂದು ಚುನಾವಣೆಯ ಫಲಿತಾಂಶ ನೋಡಿ ತೆಗೆದುಹಾಕುವುದು ಸರಿಯೇ ಎಂದು ಇನ್ನು ಕೆಲವರು ಕೇಳಿದರು. ಮಂತ್ರಿಮಂಡಲವು ತನ್ನ ಸಲಹೆಯನ್ನು ಗಟ್ಟಿಯಾಗಿ ಮತ್ತೆ ತಿಳಿಸಿತು. ಮರುದಿನ, ಏಪ್ರಿಲ್ 30ರಂದು, ಜತ್ತಿಯವರು ಸಹಿ ಮಾಡಿದರು. ಒಂಬತ್ತು ಶಾಸನಸಭೆಗಳು ವಿಸರ್ಜಿತವಾಗಿ ಜೂನ್ ತಿಂಗಳಲ್ಲಿ ಹೊಸ ಚುನಾವಣೆಗಳು ನಡೆದವು.

ಆ ಒಂದು ದಿನವನ್ನು ಹೇಗೆ ತೂಗಬೇಕು? ಒರಿಸ್ಸಾದಲ್ಲಿ ಶಾಸನಸಭೆಯ ವಿಸರ್ಜನೆಗೆ ಶಿಫಾರಸು ಮಾಡುವಾಗ ತೋರದ ಹಿಂಜರಿಕೆ ಒಂಬತ್ತು ರಾಜ್ಯಗಳ ವಿಷಯದಲ್ಲಿ ಏಕೆ ತೋರಿತೆಂದು ಕೇಳಿದವರ ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ. ಸಹಿ ಮಾಡದೆ ಗತ್ಯಂತರವಿಲ್ಲವೆಂದು ಸಂವಿಧಾನವೇ ಹೇಳಿದ ಮೇಲೆ ತಡ ಮಾಡಿದುದರಿಂದ ಫಲವೇನೆಂದೂ ಕೇಳಬಹುದು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯೂ ಇದೆ. ಸಹಿ ಮಾಡುವವನು ಕಾಗದವನ್ನು ಓದಬೇಕು, ಓದಿ ವಿಚಾರ ಮಾಡಬೇಕು, ಸಂದೇಹವಿದ್ದರೆ ಕೇಳಬೇಕು; ಎಲ್ಲ ಕೇಳಿದ ಮೇಲೆ ಕಾನೂನು ಹೇಳಿದಂತೆ ನಡೆಯಬೇಕು. ಇದು ವಕೀಲಿಯ ಮೊದಲ ಪಾಠ, ಪುರಸಭೆಯ ಮೊದಲ ಪಾಠ, ವ್ಯಾಪಾರದ ಮೊದಲ ಪಾಠವೂ ಹೌದು. ಹುಂಡಿಯ ಮೇಲೆ ಓದದೆ ಸಹಿ ಹಾಕುವವನನ್ನು ಯಾವ ಪೇಟೆಯೂ ಬುದ್ಧಿವಂತನೆನ್ನುವುದಿಲ್ಲ. ಓದಿದ ಮೇಲೆ ಹಣ ಸಲ್ಲಿಸಲು ನಿರಾಕರಿಸುವವನನ್ನು ಯಾವ ಪೇಟೆಯೂ ನಂಬುವುದಿಲ್ಲ. ಜತ್ತಿಯವರು ಓದಿದರು, ತಡೆದರು, ಕೊನೆಗೆ ಸಲ್ಲಿಸಿದರು.

ಇದಾದ ಮರುವರ್ಷ, 1978ರಲ್ಲಿ, ಅದೇ ಜನತಾ ಸರಕಾರವು ಸಂವಿಧಾನದ 44ನೆಯ ತಿದ್ದುಪಡಿಯನ್ನು ತಂದಿತು. ಮಂತ್ರಿಮಂಡಲದ ಸಲಹೆಯನ್ನು ಪುನರ್ವಿಚಾರಕ್ಕಾಗಿ ಹಿಂದಕ್ಕೆ ಕಳಿಸಬಹುದು, ಪುನರ್ವಿಚಾರದ ಬಳಿಕ ಬಂದ ಸಲಹೆಯಂತೆ ನಡೆಯತಕ್ಕದ್ದು ಎಂಬ ಅಧಿಕಾರವು ಅದರಿಂದ ರಾಷ್ಟ್ರಪತಿಗೆ ದೊರೆಯಿತು. ಅಂದರೆ ಜತ್ತಿಯವರು ಕಾನೂನಿನ ಬಲವಿಲ್ಲದೆ ಒಂದು ದಿನ ಮಾಡಿದುದನ್ನು ಮುಂದಿನ ರಾಷ್ಟ್ರಪತಿಗಳು ಕಾನೂನಿನ ಬಲದಿಂದಲೇ ಮಾಡುವಂತಾಯಿತು. ಮುಂದೆ ಕೆ. ಆರ್. ನಾರಾಯಣನ್ ಅವರು 1997ರಲ್ಲಿ ಉತ್ತರ ಪ್ರದೇಶದ ವಿಷಯದಲ್ಲಿಯೂ, 1998ರಲ್ಲಿ ಬಿಹಾರದ ವಿಷಯದಲ್ಲಿಯೂ ರಾಷ್ಟ್ರಪತಿ ಆಳ್ವಿಕೆಯ ಸಲಹೆಯನ್ನು ಹಿಂದಕ್ಕೆ ಕಳಿಸಿದುದು ಈ ಅಧಿಕಾರದಿಂದಲೇ.

ಕೊನೆಯ ವರ್ಷಗಳು

1977ನೆಯ ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾಗಿ ಅಧಿಕಾರ ವಹಿಸಿಕೊಂಡರು. ಐದೂವರೆ ತಿಂಗಳು ಆ ಭಾರವನ್ನು ಹೊತ್ತಿದ್ದ ಜತ್ತಿಯವರು ಮತ್ತೆ ಉಪರಾಷ್ಟ್ರಪತಿಯ ಸ್ಥಾನಕ್ಕೆ ಮರಳಿ, 1979ರ ಆಗಸ್ಟ್‌ವರೆಗೆ ತಮ್ಮ ಅವಧಿಯನ್ನು ಪೂರೈಸಿದರು. ಏರಿದ ಮೆಟ್ಟಿಲಿನಿಂದ ಕೆಳಗಿಳಿಯುವುದು ಅವರಿಗೆ ಇದು ಮೂರನೆಯ ಸಲ.

ಆಮೇಲೆ ಅವರು ಬೆಂಗಳೂರಿನಲ್ಲಿ ನೆಲೆಸಿದರು. 1964ರಲ್ಲಿಯೇ ತಾವು ಸ್ಥಾಪಿಸಿ ಅಧ್ಯಕ್ಷರಾಗಿದ್ದ ಬಸವ ಸಮಿತಿಯ ಕಾರ್ಯಕ್ಕೆ ಉಳಿದ ಆಯುಷ್ಯವನ್ನು ಕೊಟ್ಟರು. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಕನ್ನಡದಲ್ಲಿಯೂ ಇತರ ಭಾಷೆಗಳಲ್ಲಿಯೂ ಪ್ರಕಟಿಸಿ, ಶರಣರ ವಿಚಾರಗಳನ್ನು ನಾಡಿನ ಹೊರಗೂ ತಿಳಿಸುವ ಕೆಲಸವನ್ನು ಆ ಸಂಸ್ಥೆ ಮಾಡಿತು. ತಮ್ಮ ಜೀವನದ ಅನುಭವಗಳನ್ನು ಅವರು ಆತ್ಮಕಥೆಯ ರೂಪದಲ್ಲಿಯೂ ಬರೆದಿಟ್ಟರು. 2002ನೆಯ ಜೂನ್ 7ರಂದು, ತೊಂಬತ್ತನೆಯ ವಯಸ್ಸಿನ ಹೊಸ್ತಿಲಲ್ಲಿ, ಅವರು ಇಹಲೋಕವನ್ನು ತ್ಯಜಿಸಿದರು.

ಜತ್ತಿಯವರು ಜನಸಮುದಾಯವನ್ನು ಮಾತಿನಿಂದ ಹುಚ್ಚೆಬ್ಬಿಸಿದ ನಾಯಕರಲ್ಲ. ದೊಡ್ಡ ಚಳವಳಿಯೊಂದು ಅವರ ಹೆಸರಿನಿಂದ ನಡೆಯಲಿಲ್ಲ. ಭೂಸುಧಾರಣೆಯಲ್ಲಿ ಅವರು ಇನ್ನೂ ಮುಂದೆ ಹೋಗಬಹುದಾಗಿತ್ತೆಂದು ಹೇಳುವವರಿದ್ದಾರೆ. ಒರಿಸ್ಸಾದಲ್ಲಿ ತಡೆಯಬೇಕಾಗಿತ್ತೆಂದೂ, ದೆಹಲಿಯಲ್ಲಿ ತಡೆಯಬಾರದಾಗಿತ್ತೆಂದೂ ಹೇಳುವವರಿದ್ದಾರೆ. ಇವೆಲ್ಲವನ್ನೂ ಖರ್ಚಿನ ಕಡೆಗೆ ಬರೆದ ಮೇಲೆಯೂ ಜಮೆಯ ಕಡೆಗೆ ಒಂದು ದೊಡ್ಡ ಬಾಬು ಉಳಿಯುತ್ತದೆ. ಸಂಸ್ಥಾನವೊಂದನ್ನು ದೇಶಕ್ಕೆ ಒಪ್ಪಿಸುವಾಗ, ಮುಖ್ಯಮಂತ್ರಿ ಪದವಿಯನ್ನು ಬಿಡುವಾಗ, ದೇಶದ ಅಧಿಕಾರವನ್ನು ಸೋತವರಿಂದ ಗೆದ್ದವರಿಗೆ ದಾಟಿಸುವಾಗ, ಕೊನೆಗೆ ರಾಷ್ಟ್ರಪತಿ ಭವನದಿಂದ ಹೊರಗೆ ಬರುವಾಗ, ಯಾವಾಗಲೂ ಆ ಠೇವಣಿಯನ್ನು ಅವರು ಅದರ ಒಡೆಯರಿಗೆ ಮರಳಿಸಿದರು.

ಇಂದು ಪುರಸಭೆಗೂ ಪಟ್ಟಣ ಪಂಚಾಯತಿಗೂ ಗ್ರಾಮ ಪಂಚಾಯತಿಗೂ ಚುನಾಯಿತರಾಗುವ ತರುಣರು ನಮ್ಮ ತಾಲೂಕುಗಳಲ್ಲಿ ಬಹಳಷ್ಟಿದ್ದಾರೆ. ತಮ್ಮದು ಸಣ್ಣ ಪದವಿಯೆಂದು ಅವರು ಭಾವಿಸಬೇಕಾದ ಕಾರಣವಿಲ್ಲ. ಓಣಿಯ ದೀಪದ ಲೆಕ್ಕವನ್ನು ಸರಿಯಾಗಿ ನೋಡಿದವನಿಗೆ ನಾಡಿನ ಲೆಕ್ಕವನ್ನು ನೋಡುವ ಯೋಗ್ಯತೆ ಬರುತ್ತದೆಯೆಂಬುದಕ್ಕೆ ಜಮಖಂಡಿಯ ಆ ವಕೀಲರ ಬಾಳೇ ಸಾಕ್ಷಿಯಾಗಿದೆ. ಅವರ ನೆನಪು ಈ ಭಾಗದ ಸಾರ್ವಜನಿಕ ಕಾರ್ಯಕರ್ತರಿಗೆ ದಾರಿದೀಪವಾಗಲಿ.